ತುಟಿ ಮರಗಟ್ಟಿದ ಮೇಲೆ

ಜುಲೈ ೧೧, ಮಂಗಳವಾರ
ಕ್ಲಿನಿಕ್ಕಿನ ಹಿಂದಿನ ಕೋಣೆಯಿಂದ

ಪ್ರೀತಿಯ ಗೂಬೆ,

ಹೇಗಿದ್ದೀಯೆ? ಮನೆಯಲ್ಲಿ ಎಲ್ಲರೂ ಕ್ಷೇಮವೆಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬಯ್ಯಬೇಡ. ಬಯ್ಯಲೇಬೇಕೆಂದರೆ ಹಾಸ್ಟೆಲಿನಲ್ಲಿ ಬಯ್ಯುತ್ತಿದ್ದ ಹಾಗೆ ಬಾಯಿತುಂಬ ಬಯ್ದುಬಿಡು, ಅದನ್ನು ಕೇಳಿ ಎಷ್ಟು ಕಾಲವಾಯಿತೋ. ಡೆಂಟಲ್ ಕಾಲೇಜಿನಲ್ಲಿ ಒಂದು ವಿಭಾಗಕ್ಕೇ ಮುಖ್ಯಸ್ಥೆಯಾದವಳನ್ನು ಇನ್ನೂ ಗೂಬೆ ಎನ್ನಬಹುದೋ ಬಾರದೋ ಎಂದು ಒಂದು ಗಳಿಗೆ ಯೋಚಿಸಿದೆ. ರಾತ್ರಿಯೆಲ್ಲ ಓದಿ, ಬೆಳಗಿನ ಪಾಠದಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದವಳಿಗೆ ಬೇರೆ ಹೆಸರು ಒಪ್ಪುವುದಿಲ್ಲ ಬಿಡು.

ನಿನ್ನ ಕಾಗದವನ್ನು ಹತ್ತಿಯ ಡಬ್ಬಿಯ ಹಿಂದೆ ಇಟ್ಟುಕೊಂಡು ದಿನಾ ಓದುತ್ತಿದ್ದೇನೆ. "ಹುಡುಗರಿಗೆ ಸೂಜಿ ಹಿಡಿಯೋದು ಕಲಿಸೋಕೆ ನಿನ್ನಂಥ ಕೈ ಬೇಕು ಕಣೇ. ಕ್ವಾರ್ಟರ್ಸೂ ಕೊಡ್ತಾರೆ. ಇಪ್ಪತ್ತನೇ ತಾರೀಖಿನೊಳಗೆ ಬರ್ತೀನಿ ಅನ್ನು, ಇಲ್ಲ ಬರಲ್ಲ ಅನ್ನು" ಎಂದು ಬರೆದಿದ್ದೀಯೆ. ಅದರ ಕೆಳಗೇ ಇನ್ನೊಂದು ಸಾಲು. "ಹೋದ ವರ್ಷ ಇದೇ ಕೆಲಸಕ್ಕೆ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ನೀನು ಬೇಡ ಅಂತ ಹೇಳಿ ಕಳಿಸಿದೆ. ಈ ಸಲ ಬಿಡೋಳಲ್ಲ ನಾನು."

ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಫೋನ್ ಮಾಡಿದ್ದೇ ನನಗೆ ಗೊತ್ತಿಲ್ಲ. ನಾನು ಯಾರ ಹತ್ತಿರವೂ ಬೇಡ ಎಂದು ಹೇಳಿ ಕಳಿಸಿಲ್ಲ. ಹಾಗಾದರೆ ನನ್ನ ಪರವಾಗಿ ಬೇಡ ಎಂದವರು ಯಾರು? ಯಾರ ಮೇಲೆ ಅನುಮಾನ ಬಂತೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ಕೇಳದೆ ನಿನಗೆ ಉತ್ತರ ಬರೆಯುವುದು ಹೇಗೆ? ಒಂದೇ ಸೂರಿನಡಿ, ಒಂದೇ ಕೆಲಸ ಮಾಡಿಕೊಂಡಿರುವ ಗಂಡನನ್ನು ಒಂದು ಮಾತು ಕೇಳುವುದಕ್ಕೆ ನನಗೆ ಬಿಡುವು ಸಿಗಲಿಲ್ಲ ಎಂದರೆ ನೀನು ನಗುತ್ತೀಯೆ. ನಗು. ಆಮೇಲೆ ಮುಂದೆ ಓದು.

ನೀನು ಈ ಮನೆ ನೋಡಿಲ್ಲವಲ್ಲ. ಕೆಳಗೆ ಕ್ಲಿನಿಕ್, ಮೇಲೆ ಮನೆ. ನಡುವೆ ಒಳಗಿನಿಂದಲೇ ಮೆಟ್ಟಿಲು. ಮದುವೆಯಾಗಿ ಬಂದಾಗ ಎಲ್ಲರೂ "ಎಷ್ಟು ಅನುಕೂಲ! ಬಿಸಿಲಿಲ್ಲ, ಬಸ್ಸಿಲ್ಲ" ಎಂದಿದ್ದರು. ಅನುಕೂಲವೇನೋ ಹೌದು. ಬೀದಿಗೆ ಕಾಲಿಡದೆಯೇ ವಾರ ಉರುಳಿಹೋಗುತ್ತದೆ. ಹೊರಗೆ ಹಾಕಿಕೊಳ್ಳುವ ನನ್ನ ಚಪ್ಪಲಿ ಬಾಗಿಲ ಪಕ್ಕದಲ್ಲಿ ಸವೆಯದೆಯೇ ಹಳೆಯದಾಯಿತು. ಈ ಹಿಂದಿನ ಕೋಣೆಗೆ ಒಂದು ಕಿಟಕಿಯಿದೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಸುಣ್ಣ ಅಂಟುತ್ತದೆ. ಮೇಲಿನಿಂದ ನಮ್ಮತ್ತೆ ಊರುಗೋಲಿನಲ್ಲಿ ನೆಲ ಕುಟ್ಟುತ್ತಾರೆ. ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಮಾತ್ರೆ, ಬಿಡದೆ ಕುಟ್ಟಿದರೆ ಬರೀ ಬೇಜಾರು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಬಿಡದೆ ಕುಟ್ಟುವುದು ಹೆಚ್ಚಾಗಿದೆ. ಪಾಪ, ಅವರಾದರೂ ಯಾರ ಹತ್ತಿರ ಮಾತಾಡಬೇಕು?

ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿ, ನಡುವೆ ಹಸಿರು ಪರದೆ. ನನ್ನ ಕುರ್ಚಿಯಲ್ಲಿ ಸೂಜಿ, ಅವರ ಕುರ್ಚಿಯಲ್ಲಿ ಇಕ್ಕಳ. ಮೊದಮೊದಲು ಹೀಗಿರಲಿಲ್ಲ, ಇಬ್ಬರೂ ಎಲ್ಲ ಕೆಲಸ ಮಾಡುತ್ತಿದ್ದೆವು. ನನ್ನ ಚುಚ್ಚು ಗೊತ್ತೇ ಆಗುವುದಿಲ್ಲ ಎಂದು ಹೆಸರಾಯಿತು ನೋಡು, ಅಲ್ಲಿಗೆ ಮುಗಿಯಿತು. "ನೀನು ಮರಗಟ್ಟಿಸಿ ಕಳಿಸು, ನಾನು ಕೀಳ್ತೀನಿ, ಬೇಗ ಆಗುತ್ತೆ" ಎಂದರು. ಬೇಗ ಆಗುತ್ತದೆ, ನಿಜ. ಈಗ ಅವರು ದೊಡ್ಡ ಡಾಕ್ಟರು, ನಾನು ಸೂಜಿ ಡಾಕ್ಟ್ರಮ್ಮ. ಹೊಸಬರು "ಡಾಕ್ಟ್ರು ಯಾವಾಗ ಬರ್ತಾರಮ್ಮ?" ಎಂದು ನನ್ನನ್ನೇ ಕೇಳುತ್ತಾರೆ. ಮೊದಲೆಲ್ಲ ಮೈ ಉರಿಯುತ್ತಿತ್ತು. ಈಗ "ಪರದೆ ಆಚೆ ಇದ್ದಾರೆ, ಹೋಗಿ" ಎನ್ನುತ್ತೇನೆ.

ಆದರೆ ನನ್ನ ಕೆಲಸದಲ್ಲಿ ನಾನು ಇವತ್ತಿಗೂ ಗಡಿಬಿಡಿ ಮಾಡುವವಳಲ್ಲ. ದೊಡ್ಡಾಸ್ಪತ್ರೆಯಲ್ಲಿ ನಮ್ಮಿಬ್ಬರನ್ನೂ ಆಪರೇಷನ್ ಕೋಣೆಗೆ ಬಿಟ್ಟ ದಿನ ನೆನಪಿದೆಯಾ? ಕಾಲಿನ ಆಪರೇಷನ್ನಿಗೆ ಬಂದಿದ್ದ ಟೈಲರನ ಬೆನ್ನಿಗೆ ಅರಿವಳಿಕೆ ಮದ್ದು ಕೊಟ್ಟಿದ್ದರು. ಆತ ಎಚ್ಚರವಾಗಿಯೇ ಇದ್ದ. ಮೊದಲು "ಪಾದ ಬೆಚ್ಚಗಾಗ್ತಿದೆ ಸಾರ್" ಎಂದ. ಆಮೇಲೆ ಮಂಜುಗಡ್ಡೆ ಇಟ್ಟರೆ ತಣ್ಣಗಿಲ್ಲ ಎಂದ. ಸೂಜಿಮೊನೆ ತಾಗಿಸಿದರೆ "ಮುಟ್ಟಿದ್ದು ಗೊತ್ತಾಗುತ್ತೆ, ನೋವಿಲ್ಲ" ಎಂದ. ಅಷ್ಟು ಹೊತ್ತೂ ಅವನ ಕಾಲಿನ ಹೆಬ್ಬೆರಳು ಮಾತ್ರ ಹೊಲಿಗೆ ಯಂತ್ರ ತುಳಿಯುತ್ತಿರುವ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇತ್ತು. ಆಗ ಅರಿವಳಿಕೆಯ ಮೇಷ್ಟ್ರು ಹೇಳಿದ್ದು ನನಗೆ ಬಾಯಿಪಾಠ: "ಒಂದು ನರ ಅಂದ್ರೆ ಒಂದು ದಾರ ಅಲ್ಲ, ಸಾವಿರಾರು ಎಳೆ. ಮದ್ದು ಒಂದೊಂದು ಎಳೆಯ ಬಾಗಿಲನ್ನೂ ಮುಚ್ಚುತ್ತಾ ಹೋಗುತ್ತೆ, ಉಪ್ಪಿನ ಕಣ ಒಳಗೆ ನುಗ್ಗದ ಹಾಗೆ. ಅದು ನುಗ್ಗದಿದ್ರೆ ಸುದ್ದಿ ಮುಂದೆ ಹೋಗಲ್ಲ. ನೋವು, ಬಿಸಿ, ತಂಪು ಒಯ್ಯೋ ಎಳೆಗಳು ಸಣ್ಣವು, ಮೊದಲು ಸುಮ್ಮನಾಗ್ತವೆ. ಮುಟ್ಟಿದ್ದು, ಒತ್ತಿದ್ದು ತಿಳಿಸೋವು ಆಮೇಲೆ. ಕೈಕಾಲು ಆಡಿಸೋ ದಪ್ಪ ಎಳೆಗಳು ಎಲ್ಲಕ್ಕಿಂತ ಕೊನೆಗೆ. ಮದ್ದು ಇಳಿಯುವಾಗ ಉಲ್ಟಾ. ಮೊದಲು ಕಾಲು ಆಡುತ್ತೆ, ನೋವು ಕೊನೆಗೆ ಬರುತ್ತೆ."

ನೀನು ನನ್ನ ಕಿವಿಯಲ್ಲಿ "ಕಾಲು ಕತ್ತರಿಸಿದ್ರೂ ಈ ಮನುಷ್ಯ ತಾಳ ಹಾಕ್ತಾನೇ ಇರ್ತಾನೆ ಕಣೇ" ಎಂದೆ. ನಾನು ಕಿಸಕ್ಕೆಂದು ನಕ್ಕೆ. ಇಬ್ಬರನ್ನೂ ಆಚೆ ಅಟ್ಟಿದರು. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಹಾಗಾಗಿ ನಾನು ತುಟಿ ತಟ್ಟಿ ನೋಡಿ ಕಳಿಸುವವಳಲ್ಲ. ತಣ್ಣನೆಯ ಹತ್ತಿಯನ್ನು ಹಲ್ಲಿಗೇ ತಾಗಿಸುತ್ತೇನೆ. "ಕೀಳುವಾಗ ಎಳೆದ ಹಾಗೆ, ಅದುಮಿದ ಹಾಗೆ ಆಗುತ್ತೆ, ಅದಕ್ಕೆ ಹೆದರಬೇಡಿ. ನೋವಾದ್ರೆ ಎಡಗೈ ಎತ್ತಿ" ಎಂದು ಹೇಳಿ ಕಳಿಸುತ್ತೇನೆ. ನಮ್ಮ ಯಜಮಾನರದು ಬೇರೆಯೇ ಶಾಸ್ತ್ರ. "ತುಟಿ ದಪ್ಪ ಆಯ್ತಾ? ಆಯ್ತು, ಬಾಯಿ ತೆಗೀರಿ." ಯಾರಾದರೂ ಎಡಗೈ ಎತ್ತಿದರೆ "ತುಟಿ ಮರಗಟ್ಟಿದ ಮೇಲೆ ನೋವು ಎಲ್ಲಿಂದ ಬರುತ್ತೆ? ಅದೆಲ್ಲ ಹೆದರಿಕೆ" ಎಂದುಬಿಡುತ್ತಾರೆ. ಮೊನ್ನೆ ಮೊನ್ನೆ ಆನೆಯಂಥ ಬಸ್ ಡ್ರೈವರ್ ಒಬ್ಬ ಅವರ ಕುರ್ಚಿಯಿಂದ ಇಳಿದು ಬಂದು ನನ್ನ ಪರದೆ ಹಿಡಿದುಕೊಂಡು ನಿಂತುಬಿಟ್ಟ. "ಡಾಕ್ಟ್ರಮ್ಮ, ನೀವಾದ್ರೂ ನಂಬಿ" ಎಂದ. ಇನ್ನೊಂದು ಸೂಜಿ ಹಾಕಿ ಕಳಿಸಿದೆ. ಇವರು ಕೆಟ್ಟವರಲ್ಲ ಗೂಬೆ. ಅವಸರದ ಮನುಷ್ಯ, ಅಷ್ಟೆ. ನನ್ನ ಮೇಲೆ ಕೈ ಎತ್ತುವವರಲ್ಲ, ಕುಡಿಯುವವರಲ್ಲ. ಜನರ ಹತ್ತಿರ ಹೇಳಿಕೊಂಡು ಅಳುವಂಥದ್ದು ಏನೂ ಇಲ್ಲ. ಅದೇ ನನಗೆ ಕೆಲವು ಸಲ ಉಸಿರುಗಟ್ಟಿಸುತ್ತದೆ.

ಈಗ ಹೋದ ಶುಕ್ರವಾರದ ಕಥೆ ಕೇಳು. ಇವರಿಗೇ ಹಲ್ಲುನೋವು! ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ, ಒಂದೇ ಪಕ್ಕದಲ್ಲಿ ಅಗಿಯುತ್ತಾ, ನನಗೆ ಗೊತ್ತಾಗದ ಹಾಗೆ ಮಾತ್ರೆ ನುಂಗುತ್ತಾ ಇದ್ದರು. ಬೆಳಿಗ್ಗೆ ಏಳುವಾಗ ಎಡಗೆನ್ನೆ ಊದಿತ್ತು. ಕೆಳಗಿನ ದವಡೆ ಹಲ್ಲು, ಬುಡದಲ್ಲಿ ಕೀವು. "ಆ ಮುಂದಿನ ಬೀದಿ ಹಲ್ಲು ಡಾಕ್ಟ್ರ ಹತ್ರ ಹೋಗೋಣ್ವಾ?" ಎಂದೆ. "ಅವನ ಮುಂದೆ ನಾನು ಬಾಯಿ ಬಿಡೋದಾ? ಸಂಜೆಯೊಳಗೆ ಊರಿಗೆಲ್ಲ ಡಂಗುರ. ನೀನೇ ಕಿತ್ತುಬಿಡು" ಎಂದರು.

"ನಾನಾ? ನಾನು ಸೂಜಿ ಹಾಕೋಳು ಕಣ್ರೀ."

"ಮರೆತುಹೋಗಿದ್ಯಾ?"

ಮರೆತಿದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಸೂಜಿ ಹಾಕಿದೆ, ಕಾದೆ. ತುಟಿ ದಪ್ಪವಾಯಿತೆಂದು ಹೆಬ್ಬೆಟ್ಟು ತೋರಿಸಿದರು. ತಣ್ಣನೆಯ ಹತ್ತಿ ತರಲು ತಿರುಗುವಷ್ಟರಲ್ಲಿ "ಅದೆಲ್ಲ ಬೇಡ, ಶುರು ಮಾಡು" ಎಂದರು. ಸರಿ ಎಂದು ಹಲ್ಲಿಗೆ ಸಲಕರಣೆ ತಾಗಿಸಿದೆನೋ ಇಲ್ಲವೋ, ಎದ್ದುಬಿದ್ದು ಒದ್ದ ಏಟಿಗೆ ಟ್ರೇ ಸಮೇತ ಎಲ್ಲ ನೆಲದ ಪಾಲು. "ನೋವು ಕಣೇ! ಅಯ್ಯಯ್ಯೋ, ನೋವು!"

"ತುಟಿ ಮರಗಟ್ಟಿದೆ ತಾನೇ?"

"ಮರಗಟ್ಟಿದೆ. ಆದ್ರೂ ನೋವು!"

ಅವರದೇ "ಅದೆಲ್ಲ ಹೆದರಿಕೆ" ಎಂಬ ಮಾತು ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಆಡಿಬಿಡಬೇಕೆಂದು ಎಷ್ಟು ಆಸೆಯಾಯಿತು ಗೊತ್ತಾ! ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ಎಡಗೈ ಎತ್ತಿ ಕೂತಿದ್ದರು, ಎಲ್ಲ ಪೇಷಂಟುಗಳ ಹಾಗೇ. ನುಂಗಿಕೊಂಡೆ. ಕೀವಾದ ಜಾಗ ಹುಳಿಯಾಗಿರುತ್ತದೆ, ಅಲ್ಲಿ ಮದ್ದು ಸುಲಭವಾಗಿ ನರದೊಳಕ್ಕೆ ಇಳಿಯುವುದಿಲ್ಲ. ಊದಿಕೊಂಡ ನರ ಬೇರೆ ರೇಗಿ ಕೂತಿರುತ್ತದೆ. ತುಟಿ ಸತ್ತಂತಿದ್ದರೂ ಹಲ್ಲು ಬದುಕಿರುತ್ತದೆ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಅವರೂ ಓದಿದವರೇ. ಓದಿದ್ದು ತಮ್ಮ ಬಾಯಿಗೇ ಬಂದಾಗ ನೆನಪಾಯಿತು, ಅಷ್ಟೆ. ಹಿಂದಕ್ಕೆ, ಕೀವಿನಿಂದ ದೂರದಲ್ಲಿ ಇನ್ನೊಂದು ಸೂಜಿ ಹಾಕಿದೆ. ಹಲ್ಲಿನ ಬುಡದ ಸಂದಿಗೂ ಸ್ವಲ್ಪ ಹಾಕಿದೆ. ಗಡಿಯಾರ ನೋಡದೆ ಕಾದೆ. ತಣ್ಣನೆಯ ಹತ್ತಿ ಇಟ್ಟರೆ ಹುಬ್ಬು ಕೂಡ ಅಲುಗಲಿಲ್ಲ. ಇಕ್ಕಳ ಹಿಡಿದೆ.

"ನೋವಾ, ಎಳೆದ ಹಾಗಾ?" ಎಂದೆ. ಎಡಗೈ ಮೇಲೇಳಲಿಲ್ಲ.

ಗೂಬೆ, ನನ್ನ ಮಣಿಕಟ್ಟಿಗೆ ಎಲ್ಲ ನೆನಪಿತ್ತು ಕಣೇ! ಒಳಕ್ಕೆ, ಹೊರಕ್ಕೆ, ಸ್ವಲ್ಪ ತಿರುಚಿ. ಹಲ್ಲು ಬೇರು ಮುರಿಯದೆ ಇಡಿಯಾಗಿ ಬಂತು. ಟ್ರೇಯಲ್ಲಿ ಟಣ್ಣೆಂದಿತು. ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕುಣಿದುಬಿಡಬೇಕು ಎನಿಸಿತು. ಆಗಲೇ ನನಗೆ ತಿಳಿದದ್ದು, ನಿನ್ನ ಕಾಲೇಜಿಗೆ ಬರಬೇಕೆಂದು ನನಗೆ ಎಷ್ಟು ಆಸೆಯಿದೆ ಎಂದು. ಹುಡುಗರ ಕೈ ಹಿಡಿದು "ಹೀಗೆ, ಇಲ್ಲಿ, ಈಗ ಕಾಯಿ" ಎನ್ನಬೇಕು. ನನ್ನ ಹೆಸರು ಬರೆದ ಬಾಗಿಲೊಂದನ್ನು ನಾನೇ ತೆಗೆದು ಒಳಗೆ ಹೋಗಬೇಕು. ಸಂಜೆ ಅದಕ್ಕೆ ಬೀಗ ಹಾಕಿ ಬೀದಿಯಲ್ಲಿ ನಡೆದುಕೊಂಡು ಮನೆಗೆ ಬರಬೇಕು. ಅಷ್ಟೇ ನನ್ನ ಆಸೆ, ಹೆಚ್ಚೇನಿಲ್ಲ.

ಬಟ್ಟೆ ಮಡಚಿ ಗಾಯದ ಮೇಲಿಟ್ಟು, "ಗಟ್ಟಿಯಾಗಿ ಕಚ್ಚಿ ಹಿಡೀರಿ, ಅರ್ಧ ಗಂಟೆ ಮಾತಾಡಬೇಡಿ" ಎಂದೆ. ಹೇಳಿದ ಮೇಲೆ ಹೊಳೆಯಿತು. ಅರ್ಧ ಗಂಟೆ ಇವರು ಮಾತಾಡುವ ಹಾಗಿಲ್ಲ! ಮದುವೆಯಾದಾಗಿನಿಂದ ಇಂಥ ಅರ್ಧ ಗಂಟೆ ನನಗೆ ಸಿಕ್ಕಿರಲಿಲ್ಲ. ಬಾಗಿಲಲ್ಲಿ ಕೂತು ಚೀಟಿ ಕೊಡುವ ಅಕ್ಕನಿಗೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಹೇಳಿ, ಗುಂಡು ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತೆ. ನಿನ್ನ ಕಾಗದ ಪೂರ್ತಿ ಓದಿ ಹೇಳಿದೆ. ಹೋಗಬೇಕೆಂದು ಆಸೆಯಿದೆ ಎಂದೆ. ಈ ಪರದೆ, ಈ ಮೆಟ್ಟಿಲು, ಆ ಗೋಡೆ ಎಲ್ಲ ಸಾಕಾಗಿದೆ ಎಂದೆ. ಮೇಲೆ ಅತ್ತೆ ಕುಟ್ಟುತ್ತಲೇ ಇದ್ದರು. ನಾನು ಏಳಲಿಲ್ಲ.

ಕೊನೆಗೆ ಕೇಳಿಯೇಬಿಟ್ಟೆ. "ಹೋದ ವರ್ಷ ನನ್ನ ಗೆಳತಿ ಫೋನ್ ಮಾಡಿದ್ಲಾ?"

ಹೌದೆಂದು ತಲೆಯಾಡಿಸಿದರು.

"ಬೇಡ ಅಂತ ಹೇಳಿದ್ದು ನೀವಾ?"

ಹೌದೆಂದರು. ಕೂಡಲೇ ಅಲ್ಲವೆಂದರು. ಎರಡು ಕೈಯನ್ನೂ ಆಡಿಸಿ ಏನೋ ತೋರಿಸಿದರು, ಬಟ್ಟೆ ಕಚ್ಚಿಕೊಂಡೇ ಊಂ ಊಂ ಎಂದರು. ಮೊದಲಿನ ಹೌದು ನನಗೆ ಸಾಕಾಗಿತ್ತು. ಎದ್ದು ಬಂದುಬಿಟ್ಟೆ. ಅಂಥ ಸಿಟ್ಟು ನನಗೆ ಎಂದೂ ಬಂದಿರಲಿಲ್ಲ ಗೂಬೆ. ಸಿಟ್ಟೆಂದರೂ ಒಳಗೊಳಗೇ ಹಗುರಾಗಿತ್ತು. ಪೆಟ್ಟಿಗೆ ಇಳಿಸಿ ಧೂಳು ಕೂಡ ಒರೆಸಿದೆ.

ಸಂಜೆ ನಾಲಿಗೆ ಸರಿಯಾದ ಬಳಿಕ ಮೇಲಕ್ಕೆ ಬಂದು ನಡೆದದ್ದನ್ನು ಹೇಳಿದರು. ಅದನ್ನು ಬರೆಯಲು ಈಗ ನನಗೆ ಕೈ ಬರುತ್ತಿಲ್ಲ. ಪೆಟ್ಟಿಗೆ ನೋಡಿ, "ಹೋಗೋದಾದ್ರೆ ಹೋಗು, ನಾನೇನು ಹಿಡ್ಕೊಂಡಿಲ್ಲ. ಅಮ್ಮನಿಗೆ ಯಾರನ್ನಾದ್ರೂ ಇಟ್ಕೊಳ್ಳೋಣ" ಎಂದರು. ನಿಜವಾಗಿಯೂ ಹಾಗೇ ಅಂದರು. ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಮೆತ್ತಗೆ. ಆ ಮಾತು ಕೇಳಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಬಾಗಿಲು ಯಾರೋ ಹಾಕಿದ್ದಾರೆ ಎಂದುಕೊಂಡಿದ್ದೆ. ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೇರಿಸಿದೆ.

ಅದಕ್ಕೇ ಗೂಬೆ, ನನ್ನ ಉತ್ತರ ಬೇಡ ಎಂದೇ ತಿಳಿ. ಅತ್ತೆಗೆ ಹೊಸಬರ ಕೈ ಒಗ್ಗುವುದಿಲ್ಲ. ಇಲ್ಲಿ ಸೂಜಿ ಹಾಕುವವರು ಬೇಕು. ಈ ವಯಸ್ಸಿನಲ್ಲಿ ಹೊಸ ಊರು ಯಾಕೆ? ಆ ಜಾಗಕ್ಕೆ ಬೇರೆ ಯಾರನ್ನಾದರೂ ತೆಗೆದುಕೋ, ನನ್ನ ಮೇಲೆ ಮುನಿಸಿಕೊಳ್ಳಬೇಡ.

ನಿಮ್ಮವರಿಗೆ ನಮಸ್ಕಾರ ತಿಳಿಸು. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳಿಗೆ ನನ್ನ ಮನಸಾರೆ ಆಶೀರ್ವಾದ. ನಿನ್ನಂತೆ ಓದಲಿ, ನಿನ್ನಂತೆ ತರಗತಿಯಲ್ಲಿ ನಿದ್ದೆ ಮಾಡದಿರಲಿ. ನೀನು ನೂರು ಕಾಲ ಗಟ್ಟಿಯಾಗಿರು.

ನಿನ್ನ,
ಸೂಜಿ

ತಾ.ಕ.: ಬುಧವಾರ ಬೆಳಿಗ್ಗೆ. ಕಾಗದವನ್ನು ಕವರಿಗೆ ಹಾಕಿದ್ದೆ, ಅಂಟಿಸಲಾಗಲಿಲ್ಲ. ಅವರು ಹೇಳಿದ್ದನ್ನು ಬರೆದೇಬಿಡುತ್ತೇನೆ.

"ನಿನ್ನ ಗೆಳತಿ ಫೋನಲ್ಲಿ ಕಾಯ್ತಾ ಇದ್ಲು. ನಾನೇ ಎದ್ದು ಪರದೆ ಹತ್ರ ಬಂದು ಕೇಳ್ದೆ. ಕಾಲೇಜಲ್ಲಿ ಪಾಠ ಮಾಡೋಕೆ ಕರೀತಿದ್ದಾಳೆ, ಏನು ಹೇಳ್ಲಿ ಅಂತ. ನೀನು ಸಿರಿಂಜಿಗೆ ಮದ್ದು ಎಳ್ಕೋತಾ ಇದ್ದೆ. ತಿರುಗಿ ಕೂಡ ನೋಡ್ಲಿಲ್ಲ. ಬೇಡ ಅಂತ ಹೇಳ್ಬಿಡ್ರಿ ಅಂದೆ. ನಾನು ಇನ್ನೊಂದ್ಸಲ ಕೇಳ್ದೆ. ಬೇಡ ಅಂದ್ನಲ್ಲ ಅಂದೆ ನೀನು. ಅದನ್ನೇ ನಾನು ಹೋಗಿ ಹೇಳ್ದೆ."

ಇವರು ಸುಳ್ಳು ಹೇಳುವವರಲ್ಲ. ಆದರೂ ಇವತ್ತು ಬೆಳಿಗ್ಗೆ ಚೀಟಿ ಅಕ್ಕನನ್ನು ಕೇಳಿದೆ, ಅಲ್ಲ ಎನ್ನಲಿ ದೇವರೇ ಎಂದುಕೊಂಡೇ ಕೇಳಿದೆ. "ಹೌದು ಮೇಡಂ. ಫೋನ್ ಹಿಡ್ಕೊಂಡು ನಾನೇ ನಿಂತಿದ್ದೆ. ನೀವು ಬೇಡ ಅಂದಿದ್ದು ನನಗೂ ಕೇಳಿಸ್ತು. ಆಮೇಲೆ ಮುಂದಿನವರನ್ನ ಕಳಿಸಿ ಅಂದ್ರಿ" ಎಂದರು.

ಗೂಬೆ, ನನಗೆ ಅದು ನೆನಪೇ ಇಲ್ಲ. ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ನನ್ನ ಜೀವಮಾನದಲ್ಲಿ ನಾನು ಕಾಯುತ್ತಿದ್ದ ಒಂದೇ ಒಂದು ಮಾತು ಪರದೆಯವರೆಗೆ ಬಂದು ನಿಂತಿತ್ತು. ನನ್ನ ಬಾಯೇ ಅದನ್ನು ಕಳಿಸಿಬಿಟ್ಟಿತು, ನನಗೆ ಚುರುಕ್ ಎನ್ನಲೂ ಇಲ್ಲ. ಇವರೇ ಬೇಡ ಎಂದಿದ್ದರೆ ಎಷ್ಟು ಚೆನ್ನಾಗಿತ್ತು! ಜಗಳವಾಡಬಹುದಿತ್ತು, ಅತ್ತು ರಂಪ ಮಾಡಬಹುದಿತ್ತು, ಪೆಟ್ಟಿಗೆ ಹಿಡಿದು ಹೊರಡಬಹುದಿತ್ತು. ಈಗ ಯಾರ ಮೇಲೆ ರೇಗಲಿ? ಆ ಟೈಲರನ ಹೆಬ್ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅವತ್ತು ಅವನನ್ನು ನೋಡಿ ನಕ್ಕಿದ್ದೆವಲ್ಲ.

ಬೆಳಿಗ್ಗೆಯಿಂದ ನೋಯುತ್ತಿದೆ. ಎಳೆದ ಹಾಗಲ್ಲ, ನೋವೇ.

ಮೇಲೆ ಬೇಡ ಎಂದು ಬರೆದಿದ್ದೇನಲ್ಲ, ಅದನ್ನು ನಂಬಬೇಡ. ಅದೂ ಅಂಥದ್ದೇ ಬೇಡ ಇರಬಹುದು. ಇಪ್ಪತ್ತನೇ ತಾರೀಖಿನೊಳಗೆ ನೀನೇ ಬಾ. ಫೋನ್ ಮಾಡಬೇಡ, ಬರೆಯಬೇಡ. ಪರದೆ ಸರಿಸಿ ಒಳಗೆ ಬಾ. ನನ್ನ ಕೈಯಲ್ಲಿ ಸಿರಿಂಜ್ ಇದ್ದರೆ ಮೊದಲು ಅದನ್ನು ಕೆಳಗಿಡಿಸು. ನನ್ನ ಮುಖ ನಿನ್ನ ಕಡೆ ತಿರುಗಿಸಿಕೊಂಡು, ಇನ್ನೊಂದು ಸಲ ಕೇಳು.